ಎಂಜಿನಿನ ಕಾವನ್ನು ಪಳಗಿಸಿದ ಅನಾಥ ಬಾಲಕ: ವಿಲ್‌ಹೆಲ್ಮ್ ಮೈಬಾಕ್

ಘಟ್ಟ ಹತ್ತುವ ಬಸ್ಸು ನಡುದಾರಿಯಲ್ಲಿ ನಿಂತು, ಅದರ ಮೂತಿಯಿಂದ ಬುಸುಬುಸು ಎಂದು ಹಬೆ ಏಳುವುದನ್ನು ನೋಡದ ಹಿರಿಯರು ನಮ್ಮ ಕಡೆಯಲ್ಲಿ ಇರಲಾರರು. ಜಾಲ್ಸೂರು ದಾಟಿ, ಸುಳ್ಯ ಸಂಪಾಜೆಗಳ ಮಾರ್ಗವಾಗಿ ಮಡಿಕೇರಿಗೆ ಹೋಗುವವರಿಗೆ ಒಂದು ಕಾಲದಲ್ಲಿ ಅದೂ ಪ್ರಯಾಣದ ಒಂದು ಅಂಗವೇ ಆಗಿತ್ತು. ಕ್ಲೀನರು ಡಬ್ಬ ಹಿಡಿದುಕೊಂಡು ತೊರೆಗೆ ಇಳಿಯುವನು. ಹಿರಿಯರು ಮರದ ನೆರಳಿನಲ್ಲಿ ಕುಳಿತು ಎಲೆಯಡಿಕೆ ಸಂಚಿ ಬಿಚ್ಚುವರು. ಮಕ್ಕಳಿಗೆ ಅದೊಂದು ಹಬ್ಬ. ಈಗ ಬಸ್ಸುಗಳೂ ಬದಲಾಗಿವೆ, ಮಾರ್ಗಗಳೂ ಬದಲಾಗಿವೆ. ಸ್ವಂತ ಕಾರು ಇಟ್ಟುಕೊಂಡ ಮನೆಗಳು ಊರೂರಲ್ಲಿ ಇವೆ. ಆದರೂ ಏರುದಾರಿಯಲ್ಲಿ ಕಾವಿನ ಮುಳ್ಳು ಕೆಂಪು ಗೆರೆಯ ಕಡೆಗೆ ಸರಿಯತೊಡಗಿದಾಗ ಗಾಡಿಯ ಯಜಮಾನನ ಎದೆ ಹೊಡೆದುಕೊಳ್ಳುವುದು ಮಾತ್ರ ತಪ್ಪಿಲ್ಲ.

ಈ ಕಾವನ್ನು ಮೊದಲು ಸರಿಯಾಗಿ ಹತೋಟಿಗೆ ತಂದವನ ಹೆಸರು ವಿಲ್‌ಹೆಲ್ಮ್ ಮೈಬಾಕ್. ಆತ ತೀರಿಕೊಂಡು ತೊಂಬತ್ತು ವರ್ಷಗಳ ಮೇಲಾಯಿತು. ಶ್ರೀಮಂತರ ಕಾರೊಂದರ ಹೆಸರಾಗಿ ಮೈಬಾಕ್ ಎಂಬ ಶಬ್ದವನ್ನು ಇಂದಿನ ಹುಡುಗರು ಬಲ್ಲರು. ಆ ಹೆಸರಿನ ಹಿಂದಿನ ಮನುಷ್ಯನನ್ನು ಬಲ್ಲವರು ಕಡಿಮೆ. ಆತನ ಕತೆಯನ್ನು ನಮ್ಮ ಓದುಗರ ಮುಂದಿಡಬೇಕೆಂದು ನಮಗೆ ಬಹು ದಿನಗಳಿಂದ ಮನಸ್ಸಿತ್ತು.

ಆತ ಹುಟ್ಟಿದ ಸೀಮೆ ನಮಗೆ ತೀರ ಅಪರಿಚಿತವಾದುದೇನಲ್ಲ. ಜರ್ಮನಿಯ ನೈಋತ್ಯದಲ್ಲಿರುವ ವುರ್ಟೆಂಬೆರ್ಗ್ ಎಂಬ ಆ ನಾಡಿನಿಂದಲೇ ಹರ್ಮನ್ ಮೋಗ್ಲಿಂಗ್ ಮಂಗಳೂರಿಗೆ ಬಂದು 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು, ಕನ್ನಡ ಪತ್ರಿಕೆಗಳ ವಂಶಾವಳಿ ಅಲ್ಲಿಂದ ಮೊದಲಾಗುತ್ತದೆ. ಮಲಯಾಳಕ್ಕೆ ನಿಘಂಟು ಬರೆದ ಹರ್ಮನ್ ಗುಂಡರ್ಟರೂ ಅದೇ ನಾಡಿನ ಸ್ಟಟ್‌ಗಾರ್ಟಿನವರು. ಎರಡು ಭಾಷೆಗಳ ನಡುವೆ ಬಾಳುವ ನಮ್ಮ ಜಿಲ್ಲೆಯವರು ಈ ಎರಡು ಹೆಸರುಗಳನ್ನೂ ಒಟ್ಟಿಗೆ ನೆನೆಯುವುದು ಉಚಿತವೇ ಸರಿ. ಮೋಗ್ಲಿಂಗರು ಹುಟ್ಟಿದ ಬ್ರಾಕೆನ್‌ಹೈಮ್ ಎಂಬ ಊರಿನ ಸಮೀಪದ ಹೈಲ್‌ಬ್ರಾನ್ ಪಟ್ಟಣದಲ್ಲಿ 1846ರ ಫೆಬ್ರವರಿ 9ರಂದು ಮೈಬಾಕ್ ಜನಿಸಿದ. ತಂದೆ ಬಡಗಿ. ಐದು ಮಂದಿ ಗಂಡುಮಕ್ಕಳ ಸಂಸಾರ. ಕೆಲಸ ಹುಡುಕಿಕೊಂಡು ಕುಟುಂಬ ಸ್ಟಟ್‌ಗಾರ್ಟಿಗೆ ಬಂತು.

ಬಾಲಕನಿಗೆ ಎಂಟು ವರ್ಷವಾಗಿದ್ದಾಗ ತಾಯಿ ತೀರಿಕೊಂಡಳು. ಎರಡು ವರ್ಷ ಕಳೆಯುವಷ್ಟರಲ್ಲಿ, 1856ರಲ್ಲಿ, ತಂದೆಯೂ ಹೋದ. ಮಕ್ಕಳನ್ನು ಸಾಕುವ ಶಕ್ತಿಯಿಲ್ಲದ ಬಂಧುಗಳು, ಈ ಅನಾಥರಿಗೆ ಯಾರಾದರೂ ಪುಣ್ಯಾತ್ಮರು ಆಶ್ರಯ ಕೊಡಬೇಕೆಂದು ಊರ ಪತ್ರಿಕೆಯಲ್ಲಿ ಒಂದು ಪ್ರಕಟಣೆ ಹಾಕಿಸಿದರು. ಪತ್ರಿಕೆಯ ಮೂಲೆಯಲ್ಲಿ ಅಚ್ಚಾಗುವ ನಾಲ್ಕು ಸಾಲಿನ ಬೆಲೆ ಎಷ್ಟೆಂಬುದು ನಮ್ಮಂಥವರಿಗೆ ಒಮ್ಮೊಮ್ಮೆ ಮರೆತುಹೋಗುತ್ತದೆ. ಆ ನಾಲ್ಕು ಸಾಲು ಗುಸ್ತಾವ್ ವೆರ್ನರ್ ಎಂಬ ಧರ್ಮಬೋಧಕನ ಕಣ್ಣಿಗೆ ಬಿತ್ತು. ಆತ ರಾಯ್ಟ್‌ಲಿಂಗೆನ್ ಎಂಬಲ್ಲಿ ‘ಸೋದರರ ಮನೆ’ ಎಂಬ ಆಶ್ರಮ ನಡೆಸುತ್ತಿದ್ದ. ಅನಾಥರನ್ನೂ ಅಂಗವಿಕಲರನ್ನೂ ಸಾಕುವುದಕ್ಕೆ ಆತ ಕೈಯೊಡ್ಡಿ ಬೇಡಲಿಲ್ಲ. ಕಾಗದದ ಗಿರಣಿ, ಯಂತ್ರದ ಕಾರ್ಖಾನೆ ಹಾಕಿ ಅವುಗಳ ಸಂಪಾದನೆಯಿಂದ ಆಶ್ರಮ ನಡೆಸಲು ಹೊರಟವನು. ಸಾಲದ ಹೊರೆಯೂ ಆತನ ತಲೆಯ ಮೇಲೆ ಬೇಕಾದಷ್ಟಿತ್ತು. ಹುಡುಗ ಗೆರೆ ಎಳೆಯುವುದರಲ್ಲಿ ಜಾಣನೆಂದು ಕಂಡು ಅವನನ್ನು ನಕ್ಷೆ ಬರೆಯುವ ಕೋಣೆಗೆ ಹಾಕಿದ. ಹಗಲೆಲ್ಲ ಕೆಲಸ, ಸಂಜೆ ಊರಿನ ಶಾಲೆಯಲ್ಲಿ ಗಣಿತ, ಭೌತಶಾಸ್ತ್ರ, ಚಿತ್ರ. ಮೈಬಾಕನ ವಿದ್ಯಾಭ್ಯಾಸವೆಂದರೆ ಇಷ್ಟೇ. ದೊಡ್ಡ ವಿಶ್ವವಿದ್ಯಾಲಯದ ಮೆಟ್ಟಿಲನ್ನು ವಿದ್ಯಾರ್ಥಿಯಾಗಿ ಆತ ಹತ್ತಿದವನೇ ಅಲ್ಲ.

ಆಶ್ರಮದ ಯಂತ್ರಶಾಲೆಯ ಮೇಲ್ವಿಚಾರಣೆಗೆಂದು ಗಾಟ್‌ಲೀಬ್ ಡೈಮ್ಲರ್ ಬಂದ. ಮೈಬಾಕನಿಗಿಂತ ಹನ್ನೆರಡು ವರ್ಷ ಹಿರಿಯ, ಹಟವಾದಿ, ಮುಂಗೋಪಿ, ಆದರೆ ಮನುಷ್ಯರ ಯೋಗ್ಯತೆ ಬಲ್ಲವನು. 1865ರಲ್ಲಿ ಇಬ್ಬರಿಗೂ ಪರಿಚಯವಾಯಿತು. ಆಗ ಮೈಬಾಕನಿಗೆ ಹತ್ತೊಂಬತ್ತು. ಅಲ್ಲಿಂದ ಮುಂದೆ ಡೈಮ್ಲರ್ ಎಲ್ಲಿಗೆ ಹೋದರೆ ಮೈಬಾಕ್ ಅಲ್ಲಿಗೆ. 1869ರಲ್ಲಿ ಕಾರ್ಲ್ಸ್‌ರೂ ಪಟ್ಟಣದ ಯಂತ್ರದ ಕಂಪೆನಿಗೆ. 1872ರಲ್ಲಿ ಡಾಯ್ಟ್ಸ್ ಎಂಬಲ್ಲಿದ್ದ ನಿಕೊಲಾಸ್ ಆಟೊ ಎಂಬವನ ಗ್ಯಾಸ್ ಎಂಜಿನಿನ ಕಾರ್ಖಾನೆಗೆ. ಇಂದು ಪೆಟ್ರೋಲು ಗಾಡಿಗಳಲ್ಲಿರುವ ನಾಲ್ಕು ಹೊಡೆತದ ಎಂಜಿನು 1876ರಲ್ಲಿ ರೂಪುಗೊಂಡದ್ದು ಅಲ್ಲಿಯೇ. ಕಲ್ಪನೆ ಆಟೊನದು, ಅದನ್ನು ಮಾರಾಟಕ್ಕೆ ಯೋಗ್ಯವಾದ ಯಂತ್ರವಾಗಿ ತಿದ್ದಿ ತೀಡಿದ ಕೈ ಮೈಬಾಕನದು. 1878ರಲ್ಲಿ ಡೈಮ್ಲರನ ಹೆಂಡತಿಯ ಗೆಳತಿಯಾದ ಬೆರ್ಟಾ ಎಂಬವಳನ್ನು ಮದುವೆಯಾದ. ಮರುವರ್ಷ ಕಾರ್ಲ್ ಎಂಬ ಮಗ ಹುಟ್ಟಿದ. ಈ ಮಗನ ಹೆಸರನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಆಟೊನಿಗೂ ಡೈಮ್ಲರನಿಗೂ ಹೊಂದಿಕೆಯಾಗಲಿಲ್ಲ. 1882ರಲ್ಲಿ ಡೈಮ್ಲರ್ ಕೆಲಸ ಬಿಟ್ಟು ಸ್ಟಟ್‌ಗಾರ್ಟಿನ ಪಕ್ಕದ ಕಾನ್‌ಸ್ಟಾಟಿನಲ್ಲಿ ತೋಟದ ಮನೆ ಕೊಂಡ. ಮೈಬಾಕನೂ ಹಿಂಬಾಲಿಸಿದ. ತೋಟದ ಗಾಜಿನ ಮನೆಯೇ ಕಾರ್ಯಾಗಾರವಾಯಿತು. ಇಬ್ಬರೂ ಬಾಗಿಲು ಮುಚ್ಚಿಕೊಂಡು ರಾತ್ರಿಯೆಲ್ಲ ಟಣಟಣ ಬಡಿಯುವುದನ್ನು ಕೇಳಿದ ತೋಟದ ಮಾಲಿ, ಇವರು ಖೋಟಾ ನಾಣ್ಯ ಅಚ್ಚು ಹಾಕುತ್ತಿದ್ದಾರೆಂದು ಗ್ರಹಿಸಿ ಪೊಲೀಸರಿಗೆ ದೂರು ಕೊಟ್ಟ. ಪೊಲೀಸರು ಬಂದು ಶೋಧಿಸಿದಾಗ ಸಿಕ್ಕಿದ್ದು ಎಂಜಿನುಗಳು ಮತ್ತು ಸುತ್ತಿಗೆ ಇಕ್ಕಳಗಳು ಮಾತ್ರ. ಪಾಪ, ಮಾಲಿಯನ್ನು ದೂರಿ ಫಲವಿಲ್ಲ. ನಮ್ಮ ನೆರೆಮನೆಯಲ್ಲಿ ಹೀಗೆ ನಡೆದರೆ ನಾವೂ ಅದನ್ನೇ ಮಾಡುತ್ತಿದ್ದೆವೋ ಏನೋ!

ಇವರ ಉದ್ದೇಶ ಹಗುರವಾದ, ವೇಗವಾಗಿ ತಿರುಗುವ, ಗಾಡಿಗೂ ದೋಣಿಗೂ ಕೂಡಿಸಬಹುದಾದ ಎಂಜಿನನ್ನು ಮಾಡುವುದು. 1885ರಲ್ಲಿ ಅಂಥ ಪುಟ್ಟ ಎಂಜಿನನ್ನು ಮರದ ದ್ವಿಚಕ್ರ ಗಾಡಿಗೆ ಕೂಡಿಸಿ ಓಡಿಸಿದರು. ಸವಾರನ ಆಸನದ ಕೆಳಗೇ ಎಂಜಿನು ಇದ್ದುದರಿಂದ ಆಸನಕ್ಕೆ ಬೆಂಕಿ ಹತ್ತಿತೆಂಬ ಕತೆಯೂ ಇದೆ. ಕತೆ ನಿಜವೋ ಅಲ್ಲವೋ, ಎಂಜಿನಿನ ಮೊದಲ ಶತ್ರು ಅದರ ಹೊಟ್ಟೆಯಲ್ಲೇ ಇದೆಯೆಂಬುದು ಅದರಿಂದ ಸ್ಪಷ್ಟವಾಗುತ್ತದೆ.

ಇಲ್ಲಿ ಆ ಶತ್ರುವಿನ ವಿಷಯ ಸ್ವಲ್ಪ ಹೇಳಬೇಕು. ಸಿಲಿಂಡರಿನೊಳಗೆ ಇಂಧನ ಉರಿಯುವ ಕ್ಷಣದಲ್ಲಿ ಕಾವು 2000 ಡಿಗ್ರಿ ಸೆಂಟಿಗ್ರೇಡನ್ನೂ ಮೀರುತ್ತದೆ. ಅಲ್ಯುಮಿನಿಯಮ್ ಕರಗುವುದು 660 ಡಿಗ್ರಿಯಲ್ಲಿ. ಹಾಗಿದ್ದರೆ ಎಂಜಿನು ಕರಗಿ ನೀರಾಗುವುದಿಲ್ಲವೇಕೆ? ನಮ್ಮ ಬಚ್ಚಲ ಹಂಡೆಯನ್ನು ನೋಡಿರಿ. ಅಡಿಯಲ್ಲಿ ಒಲೆ ಧಗಧಗ ಉರಿಯುತ್ತಿದ್ದರೂ ಒಳಗೆ ನೀರಿರುವ ತನಕ ಹಂಡೆಗೆ ಕೇಡಿಲ್ಲ. ನೀರು ಬತ್ತಿದರೆ ಒಂದು ಗಳಿಗೆಯಲ್ಲಿ ತಳ ಸುಟ್ಟುಹೋಗುತ್ತದೆ. ಎಂಜಿನಿನ ಕತೆಯೂ ಅದೇ. ಸುರಿದ ಇಂಧನದ ಶಕ್ತಿಯಲ್ಲಿ ಸುಮಾರು ಮೂರರಲ್ಲೊಂದು ಪಾಲು ಹೊಗೆಯೊಡನೆ ಹೋಗುತ್ತದೆ. ಹೆಚ್ಚುಕಡಿಮೆ ಅಷ್ಟೇ ಪಾಲನ್ನು ಸಿಲಿಂಡರಿನ ಸುತ್ತಲಿನ ನೀರು ಹೊತ್ತೊಯ್ಯಬೇಕು. ಉಳಿದದ್ದರಿಂದ ಗಾಡಿ ಓಡಬೇಕು. ನೀರು ತನ್ನ ಪಾಲನ್ನು ಹೊತ್ತೊಯ್ಯದಿದ್ದರೆ ಎಣ್ಣೆ ತೆಳುವಾಗಿ, ಪಿಸ್ಟನ್ ಉಬ್ಬಿ, ಸಿಲಿಂಡರನ್ನು ಕಚ್ಚಿ ಹಿಡಿಯುತ್ತದೆ.

ಆ ನೀರು ಹೊತ್ತ ಕಾವನ್ನು ಇಳಿಸುವುದೆಲ್ಲಿ? ಇದೇ ಅಂದಿನ ದೊಡ್ಡ ಸಮಸ್ಯೆ. 1886ರಲ್ಲಿ ಡೈಮ್ಲರ್ ಮೈಬಾಕರು ನೆಕ್ಕರ್ ನದಿಯಲ್ಲಿ ಎಂಜಿನಿನ ದೋಣಿ ಬಿಟ್ಟಾಗ ನದಿಯ ನೀರೇ ಕೈಯಳತೆಯಲ್ಲಿತ್ತು. ನೆಲದ ಮೇಲೆ ಓಡುವ ಗಾಡಿಗೆ ಆ ಭಾಗ್ಯವಿಲ್ಲ. ಮಾನ್‌ಹೈಮಿನ ಕಾರ್ಲ್ ಬೆಂಜ್ ತನ್ನ ಮೂರು ಚಕ್ರದ ಗಾಡಿಯಲ್ಲಿ ನೀರನ್ನು ಕುದಿದು ಆವಿಯಾಗಿ ಹೋಗಲು ಬಿಟ್ಟಿದ್ದ. 1888ರ ಆಗಸ್ಟಿನಲ್ಲಿ ಆತನ ಹೆಂಡತಿ ಬೆರ್ಟಾ ಬೆಂಜ್ ಗಂಡನಿಗೆ ಹೇಳದೆ ಇಬ್ಬರು ಮಕ್ಕಳನ್ನು ಕರೆದುಕೊಂಡು ಆ ಗಾಡಿಯಲ್ಲಿ ನೂರಕ್ಕೂ ಹೆಚ್ಚು ಕಿಲೋಮೀಟರು ದೂರದ ತವರಿಗೆ ಹೋದಳಲ್ಲ, ಆಗ ದಾರಿಯುದ್ದಕ್ಕೂ ಬಾವಿ ತೊರೆ ಕಂಡಲ್ಲೆಲ್ಲ ನಿಂತು ನೀರು ತುಂಬಿಸಬೇಕಾಯಿತು. ನಮ್ಮ ಘಟ್ಟದ ಬಸ್ಸಿನ ಕ್ಲೀನರಿಗೆ ಆಕೆಯೇ ಮೂಲ ಗುರು ಎನ್ನಬಹುದು.

ಮೈಬಾಕ್ ಬೇರೆ ದಾರಿ ಹುಡುಕಿದ. 1889ರಲ್ಲಿ ಪ್ಯಾರಿಸಿನ ಮಹಾಪ್ರದರ್ಶನಕ್ಕೆಂದು ಮಾಡಿದ ಉಕ್ಕಿನ ಚಕ್ರದ ಗಾಡಿಯಲ್ಲಿ ಚೌಕಟ್ಟಿನ ಕೊಳವೆಗಳೊಳಗೇ ನೀರು ಹರಿಯುವಂತೆ ಮಾಡಿದ. ಗಾಡಿಯ ಎಲುಬೇ ಅದರ ನರವೂ ಆಯಿತು! ಯುಕ್ತಿಯೇನೋ ಸುಂದರವೇ. ಆದರೆ ಒಂದೆರಡು ಕುದುರೆಬಲದ ಎಂಜಿನಿಗೆ ಸಾಕಾಗುವ ಉಪಾಯ ಹತ್ತು ಇಪ್ಪತ್ತು ಕುದುರೆಬಲದ ಎಂಜಿನಿಗೆ ಸಾಲದು. ಬಲ ಹೆಚ್ಚಿದಷ್ಟೂ ಹೆಚ್ಚು ನೀರು ಹೊರಬೇಕು. ನೀರು ಹೆಚ್ಚಿದಷ್ಟೂ ಗಾಡಿ ಭಾರವಾಗಿ ಗಳಿಸಿದ ಬಲ ಅಲ್ಲೇ ತೀರಿಹೋಗುತ್ತದೆ.

ಅಷ್ಟರಲ್ಲಿ ಬದುಕಿನಲ್ಲಿ ಬೇರೆ ತೊಡಕು ಎದುರಾಯಿತು. ಹಣವಂತರನ್ನು ಸೇರಿಸಿಕೊಂಡು 1890ರ ನವೆಂಬರಿನಲ್ಲಿ ಡೈಮ್ಲರ್ ಕಂಪೆನಿ ಸ್ಥಾಪನೆಯಾಯಿತು. ಆ ಹಣವಂತರು ಮೈಬಾಕನಿಗೆ ಆಡಳಿತ ಮಂಡಳಿಯಲ್ಲಿ ಸ್ಥಾನ ಕೊಡಲು ಒಪ್ಪಲಿಲ್ಲ. ಕೆಲವೇ ತಿಂಗಳಲ್ಲಿ ಆತ ಹೊರಬಂದ. ಹೊರಬಂದು ಸುಮ್ಮನೆ ಕೂಡ್ರಲಿಲ್ಲ. ಡೈಮ್ಲರ್ ತನ್ನ ಕೈಯಿಂದ ಹಣ ಕೊಟ್ಟು, ಕಾನ್‌ಸ್ಟಾಟಿನ ಹಳೆಯ ಹೋಟೆಲೊಂದರ ನೃತ್ಯಶಾಲೆಯನ್ನು ಬಾಡಿಗೆಗೆ ಹಿಡಿದು ಅಲ್ಲಿ ಕೆಲಸಕ್ಕೆ ಹಚ್ಚಿದ. ಪೆಟ್ರೋಲನ್ನು ಸಣ್ಣ ಮೂತಿಯಿಂದ ಸಿಂಪಡಿಸಿ ಗಾಳಿಯೊಡನೆ ಬೆರೆಸುವ ಕಾರ್ಬುರೇಟರನ್ನು 1893ರಲ್ಲಿ ಆತ ಸಿದ್ಧಪಡಿಸಿದ್ದು ಆ ನೃತ್ಯಶಾಲೆಯಲ್ಲಿಯೇ. ಬಹುತೇಕ ನೂರು ವರ್ಷ ಲೋಕದ ಕಾರುಗಳೆಲ್ಲ ಅದೇ ತತ್ತ್ವದ ಮೇಲೆ ಓಡಿದವು. ಇತ್ತ ಆತನಿಲ್ಲದ ಕಂಪೆನಿ ಸೊರಗಿತು. ಡೈಮ್ಲರನನ್ನೂ ಕಂಪೆನಿಯವರು ಹೊರಗಿಟ್ಟರು. ಕೊನೆಗೆ ಫ್ರೆಡರಿಕ್ ಸಿಮ್ಸ್ ಎಂಬ ಆಂಗ್ಲ ವ್ಯಾಪಾರಿ, ಡೈಮ್ಲರ್ ಮರಳಿ ಬರಬೇಕೆಂಬ ಷರತ್ತಿನ ಮೇಲೆ 3,50,000 ಮಾರ್ಕುಗಳಿಗೆ ಎಂಜಿನಿನ ಹಕ್ಕು ಕೊಳ್ಳಲು ಮುಂದಾದಾಗ ಯಜಮಾನರ ಕಣ್ಣು ತೆರೆಯಿತು. 1895ರ ನವೆಂಬರಿನಲ್ಲಿ ಇಬ್ಬರೂ ಗೌರವದಿಂದ ಮರಳಿದರು. ಮೈಬಾಕ್ ತಾಂತ್ರಿಕ ನಿರ್ದೇಶಕನಾದ.

ಕಾವಿನ ಸಮಸ್ಯೆಯನ್ನು ಆತ ಮತ್ತೆ ಕೈಗೆತ್ತಿಕೊಂಡ. 1897ರಲ್ಲಿ ಮಾಡಿದ್ದು ಕೊಳವೆಗಳ ರೇಡಿಯೇಟರು. ನೀರಿನ ಒಂದು ಪೆಟ್ಟಿಗೆ. ಅದನ್ನು ಈ ಕಡೆಯಿಂದ ಆ ಕಡೆಗೆ ತೂರಿಹೋಗುವ ನೂರಾರು ಸಣ್ಣ ಕೊಳವೆಗಳು. ಕೊಳವೆಯೊಳಗೆ ಗಾಳಿ, ಹೊರಗೆ ಬಿಸಿನೀರು. ಗಾಡಿ ಮೆಲ್ಲಗೆ ಹೋಗುವಾಗ ಗಾಳಿ ಸಾಲದೆಂದು ಹಿಂದೆ ಒಂದು ಬೀಸಣಿಗೆ. ಗಾಳಿಗೆ ತಗಲುವ ಲೋಹದ ಮೈ ಹೆಚ್ಚಿದಷ್ಟೂ ಕಾವು ಬೇಗ ಇಳಿಯುತ್ತದೆ. ಬಿಸಿ ಗಂಜಿಯನ್ನು ಆರಿಸಲು ಅಗಲದ ತಟ್ಟೆಗೆ ಹೊಯ್ಯುವ ನಮ್ಮ ಮನೆಯ ಹೆಂಗಸರಿಗೆ ಈ ತತ್ತ್ವವನ್ನು ಯಾರೂ ಕಲಿಸಬೇಕಾಗಿಲ್ಲ. ಆದರೂ ದುಂಡಗಿನ ಕೊಳವೆಗಳಲ್ಲಿ ಒಂದು ಕೊರತೆ ಉಳಿದಿತ್ತು. ದುಂಡಗಿನವುಗಳನ್ನು ಎಷ್ಟು ಒತ್ತೊತ್ತಾಗಿ ಜೋಡಿಸಿದರೂ ನಡುವೆ ಸಂದು ಹೆಚ್ಚು. ಆ ಸಂದುಗಳಲ್ಲಿ ಬೇಡದಷ್ಟು ನೀರು ನಿಲ್ಲುತ್ತದೆ.

1900ರ ಮಾರ್ಚ್ ತಿಂಗಳು ಮೈಬಾಕನ ಬಾಳಿನಲ್ಲಿ ಕರಾಳವಾದದ್ದು. 6ನೆಯ ತಾರೀಕು ಡೈಮ್ಲರ್ ತೀರಿಕೊಂಡ. ಮೂವತ್ತೈದು ವರ್ಷಗಳ ಒಡನಾಟ ಮುಗಿಯಿತು. ಅದೇ ತಿಂಗಳ 30ರಂದು ಫ್ರಾನ್ಸಿನ ನೀಸ್ ಪಟ್ಟಣದ ಬಳಿ ಗುಡ್ಡವೇರುವ ಪಂದ್ಯದಲ್ಲಿ ಕಂಪೆನಿಯ ಭಾರವಾದ, ಎತ್ತರದ ಕಾರು ತಿರುವಿನಲ್ಲಿ ಅಪ್ಪಳಿಸಿ ಚಾಲಕ ವಿಲ್‌ಹೆಲ್ಮ್ ಬವರ್ ಸತ್ತ. ಕಾರು ಪಂದ್ಯಗಳನ್ನೇ ಬಿಟ್ಟುಬಿಡೋಣ ಎಂಬ ಯೋಚನೆ ಕಂಪೆನಿಯಲ್ಲಿ ಎದ್ದಿತು. ಆಗ ನೀಸಿನಲ್ಲಿದ್ದ ಎಮಿಲ್ ಯೆಲಿನೆಕ್ ಎಂಬ ಧನಿಕ ವ್ಯಾಪಾರಿ, ದೋಷ ಚಾಲಕನದಲ್ಲ, ಗಾಡಿಯ ರಚನೆಯದೆಂದು ಹಟ ಹಿಡಿದ. ಗಾಡಿ ತಗ್ಗಾಗಿರಬೇಕು, ಉದ್ದವಾಗಿರಬೇಕು, ಹಗುರವಾಗಿರಬೇಕು, ಬಲ ಮಾತ್ರ ಹೆಚ್ಚಿರಬೇಕು ಎಂದ. ಬರೀ ಮಾತಲ್ಲ, ಅಂಥ 36 ಕಾರುಗಳಿಗೆ 5,50,000 ಮಾರ್ಕುಗಳ ಬೇಡಿಕೆಯನ್ನೇ ಕೊಟ್ಟ. ಕಾರಿಗೆ ತನ್ನ ಮಗಳ ಹೆಸರಿಡಬೇಕೆಂಬುದು ಆತನ ಆಸೆ. ಹತ್ತು ಹನ್ನೊಂದು ವರ್ಷದ ಆ ಹುಡುಗಿಯ ಹೆಸರು ಮರ್ಸಿಡಿಸ್.

ಹಗುರವಾಗಿರಬೇಕು, ಬಲ ಹೆಚ್ಚಿರಬೇಕು! ಹೇಳುವುದು ಸುಲಭ. 35 ಕುದುರೆಬಲದ ಎಂಜಿನಿನ ಕಾವನ್ನು ಇಳಿಸಲು ಎಷ್ಟು ನೀರು ಹೊರಬೇಕು? ಮೈಬಾಕನ ಉತ್ತರವೇ ಜೇನುಗೂಡು ರೇಡಿಯೇಟರು. ದುಂಡು ಕೊಳವೆಗಳ ಬದಲು ಆರು ಮಿಲಿಮೀಟರ್ ಅಗಲ, ಆರು ಮಿಲಿಮೀಟರ್ ಎತ್ತರದ ಚೌಕ ಕೊಳವೆಗಳು. ಚೌಕಗಳನ್ನು ಒಂದರ ಪಕ್ಕ ಒಂದು ಇಟ್ಟರೆ ನಡುವೆ ತೆಳ್ಳಗಿನ ಸಂದು ಮಾತ್ರ ಉಳಿಯುತ್ತದೆ. ಅಷ್ಟರಲ್ಲೇ ನೀರು ತೆಳುವಾದ ಹಾಳೆಯಂತೆ ಹರಿಯಬೇಕು. ಇಂಥ 8070 ಕೊಳವೆಗಳನ್ನು ಜೋಡಿಸಿ, ಬೆಸುಗೆ ಹಾಕಿ, ಒಂದು ಹನಿಯೂ ಸೋರದಂತೆ ಮಾಡಿದರು. ಎಂಟು ಸಾವಿರದ ಎಪ್ಪತ್ತು! ಎದುರಿನಿಂದ ನೋಡಿದರೆ ಥೇಟ್ ಜೇನಿನ ಎರಿ. ಮೊದಲು 18 ಲೀಟರು ನೀರು ಬೇಕಾಗುತ್ತಿದ್ದಲ್ಲಿ ಈಗ 9 ಲೀಟರು ಸಾಕಾಯಿತು. ಅರ್ಧಕ್ಕರ್ಧ ಹೊರೆ ಇಳಿಯಿತು. ಬೆಸುಗೆ ಹಾಕಿದ ಆ ಕೆಲಸಗಾರರ ತಾಳ್ಮೆಗೂ ನಾವು ಕೈ ಮುಗಿಯಬೇಕು.

ಮೊದಲ ಕಾರು 1900ರ ಡಿಸೆಂಬರ್ 22ರಂದು ಯೆಲಿನೆಕನಿಗೆ ಸಂದಿತು. ಮೊದಲ ಪಂದ್ಯದಲ್ಲಿ ಕಾರು ಕೈಕೊಟ್ಟಿತು; ಹೊಸ ಯಂತ್ರಗಳ ಬಾಲಗ್ರಹ. 1901ರ ಮಾರ್ಚಿನಲ್ಲಿ ನೀಸಿನ ಪಂದ್ಯಗಳಲ್ಲಿ ಮಾತ್ರ ಅದರ ಮುಂದೆ ಯಾವುದೂ ನಿಲ್ಲಲಿಲ್ಲ. ಬವರ್ ಸತ್ತ ಅದೇ ಗುಡ್ಡವನ್ನೂ ಅದು ಏರಿತು. ಅಂದಿನ ತನಕ ಕಾರೆಂದರೆ ಕುದುರೆ ಬಿಚ್ಚಿದ ಸಾರೋಟು. ಮುಂದೆ ರೇಡಿಯೇಟರು, ಅದರ ಹಿಂದೆ ಮುಚ್ಚಳದ ಕೆಳಗೆ ಎಂಜಿನು, ಅದರ ಹಿಂದೆ ತಗ್ಗಿನ ಆಸನ: ಇಂದು ಮಗುವಿನ ಕೈಗೆ ಸೀಮೆಸುಣ್ಣ ಕೊಟ್ಟರೆ ಬರೆಯುವ ಕಾರಿನ ಚಿತ್ರ ಅಂದು ಹುಟ್ಟಿದ್ದು. ಫ್ರಾನ್ಸಿನವರು ಮೈಬಾಕನನ್ನು ರಚನಕಾರರ ರಾಜನೆಂದು ಕರೆಯತೊಡಗಿದರು.

ಇಷ್ಟು ಹೇಳಿದ ಮೇಲೆ ನಮ್ಮ ಅನುಭವವನ್ನೂ ಒಂದಿಷ್ಟು ಹೇಳದಿದ್ದರೆ ಕತೆ ಪುಸ್ತಕದ ಬದನೆಕಾಯಿಯಾದೀತು. ಕೆಲವು ವರ್ಷಗಳ ಹಿಂದೆ ನಮ್ಮ ಮನೆಯ ಹಳೆಯ ಕಾರು ಸಮತಟ್ಟು ಮಾರ್ಗದಲ್ಲಿ ಸಾಧುವಾಗಿ ಓಡುತ್ತ, ಸಂಪಾಜೆ ಘಟ್ಟ ಸಿಕ್ಕಿದ ಕೂಡಲೇ ಕಾಯತೊಡಗಿತು. ಮೊದಲ ದಿನ ಜತೆಗಿದ್ದ ನೆಂಟನೊಬ್ಬ ಅವಸರದಲ್ಲಿ ಬೈರಾಸು ಸುತ್ತಿಕೊಂಡು ರೇಡಿಯೇಟರಿನ ಮುಚ್ಚಳ ತಿರುಗಿಸಿದ. ಕುದಿನೀರು ಆಳೆತ್ತರ ಚಿಮ್ಮಿತು. ಮುಖ ಉಳಿದದ್ದು ದೇವರ ದಯೆ. ಮುಂಗೈ ಬೆಂದು ಹದಿನೈದು ದಿನ ಮಲಗಿದ. ಈ ಮುಚ್ಚಳ ಮೈಬಾಕನ ಕಾಲದ ತರುವಾಯ ಬಂದ ಒತ್ತಡದ ಮುಚ್ಚಳ. ಒಳಗಿನ ಒತ್ತಡದಿಂದಾಗಿ ನೀರು 100 ಡಿಗ್ರಿಯಲ್ಲಿ ಕುದಿಯದೆ 120ರ ಸಮೀಪದ ತನಕ ತಡೆದುಕೊಂಡಿರುತ್ತದೆ. ಮುಚ್ಚಳ ಸಡಿಲಿಸಿದೊಡನೆ ಅಷ್ಟೂ ನೀರು ಒಮ್ಮೆಲೇ ಕುದಿದೇಳುತ್ತದೆ. ಆದುದರಿಂದ ಕಾಯ್ದ ಗಾಡಿಯನ್ನು ಬದಿಗೆ ನಿಲ್ಲಿಸಿ, ಎಂಜಿನು ಆರಿಸಿ, ಅರ್ಧ ಗಂಟೆಯಾದರೂ ಕಾದು, ಮುಚ್ಚಳ ಕೈಗೆ ತಣ್ಣಗಾದ ಮೇಲೆಯೇ ತೆರೆಯಬೇಕು. ತಣ್ಣೀರನ್ನು ಕಾಯ್ದ ಎಂಜಿನಿಗೆ ಒಮ್ಮೆಲೇ ಹೊಯ್ದರೆ ಲೋಹ ಬಿರಿಯುವುದುಂಟು.

ನಮ್ಮ ಗಾಡಿಯನ್ನು ನೋಡಿದ ಮೊದಲ ಮೆಕ್ಯಾನಿಕ್ ಏನನ್ನೂ ಪರೀಕ್ಷಿಸದೆ ಥರ್ಮೋಸ್ಟಾಟ್ ಬದಲಿಸಿ ಹಣ ತೆಗೆದುಕೊಂಡ. ಥರ್ಮೋಸ್ಟಾಟ್ ಎಂದರೆ ಎಂಜಿನು ಸಾಕಷ್ಟು ಕಾಯುವ ತನಕ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಬಾಗಿಲು. ಅದು ಮುಚ್ಚಿದಲ್ಲೇ ಕಚ್ಚಿಕೊಂಡರೆ ಎಂಜಿನು ಕಾಯ್ದಿದ್ದರೂ ರೇಡಿಯೇಟರು ತಣ್ಣಗೇ ಇರುತ್ತದೆ. ಆಗ ಗಾಡಿ ಸಮತಟ್ಟಿನಲ್ಲೂ ಕಾಯುತ್ತದೆ, ಅದೂ ಹೊರಟ ಸ್ವಲ್ಪ ಹೊತ್ತಿನಲ್ಲೇ. ನಮ್ಮದು ಹಾಗಿರಲಿಲ್ಲ. ಮುಂದಿನ ಸಲದ ಪ್ರಯಾಣದಲ್ಲಿ ಮತ್ತೆ ಅದೇ ಪಾಡು.

ಎರಡನೆಯವರು ವಯಸ್ಸಾದ ಒಬ್ಬ ಬ್ಯಾರಿ ಮೆಕ್ಯಾನಿಕ್. ಅವರು ಮೊದಲು ಸ್ಪ್ಯಾನರು ಹಿಡಿಯಲಿಲ್ಲ, ಪ್ರಶ್ನೆ ಹಿಡಿದರು. ಪೇಟೆಯ ನಿಂತು ನಿಂತು ಹೋಗುವ ಸಾಲಿನಲ್ಲಿ ಕಾಯುವುದೋ, ಓಟದಲ್ಲೋ, ಏರಿನಲ್ಲೋ? ನಿಂತಲ್ಲಿ ಮಾತ್ರ ಕಾಯ್ದು ಓಟದಲ್ಲಿ ತಣಿಯುವುದಾದರೆ ಫ್ಯಾನಿನ ದೋಷ. ಹಳೆಯ ಗಾಡಿಯಲ್ಲಿ ಬೆಲ್ಟು ಸಡಿಲ, ಹೊಸದರಲ್ಲಿ ಫ್ಯೂಸೋ ಮೋಟಾರೋ ಸೆನ್ಸರೋ ಕೆಟ್ಟಿರಬೇಕು. ನೀರು ದಿನದಿನಕ್ಕೆ ಇಳಿಯುತ್ತದೆಯೇ? ಇಳಿಯುವುದಾದರೆ ನೆಲದಲ್ಲಿ ಒದ್ದೆಯಿದೆಯೇ? ಒದ್ದೆಯಿದ್ದರೆ ಹೋಸ್ ಪೈಪನ್ನೂ, ನೀರಿನ ಪಂಪಿನ ಅಡಿಯನ್ನೂ ನೋಡಬೇಕು. ಒದ್ದೆಯಿಲ್ಲದೆ ನೀರು ಮಾಯವಾಗುತ್ತಿದ್ದರೆ ಅದು ಕೆಟ್ಟ ಲಕ್ಷಣ. ಸಿಲಿಂಡರಿನ ತಲೆಯ ಗ್ಯಾಸ್ಕೆಟ್ ಹೋಗಿ ನೀರು ಒಳಗೇ ಸುಡುತ್ತಿರಬಹುದು. ಸೈಲೆನ್ಸರಿನಲ್ಲಿ ಬಿಡದೆ ಬರುವ ಬಿಳಿ ಹೊಗೆ, ಎಂಜಿನ್ ಆಯಿಲು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗುವುದು, ಎಂಜಿನು ನಡೆಯುತ್ತಿರುವಾಗ ರೇಡಿಯೇಟರಿನ ನೀರಿನಲ್ಲಿ ಗುಳ್ಳೆ ಏಳುವುದು ಇವೇ ಅದರ ಗುರುತುಗಳು. ಅಂಥ ಗಾಡಿಯನ್ನು ಮುಂದಕ್ಕೆ ಓಡಿಸಿದಷ್ಟೂ ಖರ್ಚು ಬೆಳೆಯುತ್ತದೆ.

ನಮ್ಮ ಗಾಡಿಯಲ್ಲಿ ಇವು ಯಾವುವೂ ಇರಲಿಲ್ಲ. ಅವರು ಎಂಜಿನು ಕಾಯಿಸಿ, ನಿಲ್ಲಿಸಿ, ರೇಡಿಯೇಟರಿನ ಮುಖದ ಮೇಲೆ ಅಂಗೈಯನ್ನು ಸೋಕಿಯೂ ಸೋಕದಂತೆ ಆಡಿಸಿದರು. ಮೇಲ್ಭಾಗ ಬಿಸಿ, ಕೆಳಗಡೆ ದೊಡ್ಡದೊಂದು ಭಾಗ ತಣ್ಣಗೆ. ಒಳಗಿನ ನಾಳಗಳು ಕಟ್ಟಿಹೋಗಿವೆ ಎಂದರು. ದಾರಿಯಲ್ಲಿ ಸಿಕ್ಕಿದ ತೊರೆಯ ನೀರನ್ನು, ಮಳೆಗಾಲದ ಕೆಂಪು ನೀರನ್ನು ವರ್ಷಗಟ್ಟಲೆ ಹೊಯ್ದ ನಮ್ಮದೇ ತಪ್ಪು. ಸಮತಟ್ಟಿನಲ್ಲಿ ಅರ್ಧ ರೇಡಿಯೇಟರು ಸಾಕಾಗುತ್ತಿತ್ತು, ಏರಿನಲ್ಲಿ ಸಾಕಾಗುತ್ತಿರಲಿಲ್ಲ. ರೇಡಿಯೇಟರು ಬಿಚ್ಚಿಸಿ ಶುದ್ಧಿ ಮಾಡಿಸಿ, ಕಂಪೆನಿ ಹೇಳಿದ ಕೂಲಂಟನ್ನು ಬಟ್ಟಿಯಿಳಿಸಿದ ನೀರಿನೊಡನೆ ಹಾಕಿದ ಮೇಲೆ ಕಾರು ಮತ್ತೆ ಕಾಯಲಿಲ್ಲ. ಹುಟ್ಟುವ ಕಾವೆಷ್ಟು, ಇಳಿಯುವ ಕಾವೆಷ್ಟು, ನಡುವೆ ತಡೆದದ್ದು ಎಲ್ಲಿ ಎಂದು ಲೆಕ್ಕ ಹಾಕಿದ ಆ ಮುದುಕರಿಗೂ ಮೈಬಾಕನಿಗೂ ಮಾತುಕತೆಯಾಗಿದ್ದರೆ ಇಬ್ಬರಿಗೂ ಹೊಂದುತ್ತಿತ್ತೆಂದು ನಮಗೆ ಅನ್ನಿಸಿತು. ಅಂದ ಹಾಗೆ ಈಗಿನ ರೇಡಿಯೇಟರುಗಳಲ್ಲಿ ಕ್ರಮ ತಿರುಗುಮುರುಗಾಗಿದೆ: ನಾಳದೊಳಗೆ ನೀರು, ಹೊರಗೆ ಅಲ್ಯುಮಿನಿಯಮ್ ರೆಕ್ಕೆಗಳ ನಡುವೆ ಗಾಳಿ. ತತ್ತ್ವ ಮಾತ್ರ ಅದೇ.

ಮೈಬಾಕನ ಕಡೆಗೆ ಮರಳೋಣ. ರಾಜನೆಂಬ ಬಿರುದು ಬಂದ ಎರಡು ಮೂರು ವರ್ಷಗಳಲ್ಲೇ ಆತನ ಕಾಲ ಕೆಳಗಿನ ನೆಲ ಸರಿಯಿತು. 1903ರ ತರುವಾಯ ಹೊಸ ಯಜಮಾನರು ಆತನನ್ನು ಮುಖ್ಯ ರಚನೆಯ ಕೆಲಸದಿಂದ ಬಿಡಿಸಿ, ಶೋಧನೆಯ ಕಚೇರಿ ಎಂದು ಹೆಸರಿಟ್ಟ ಒಂದು ಮೂಲೆಯಲ್ಲಿ ಕೂಡಿಸಿದರು. ಹೆಸರು ದೊಡ್ಡದು, ಅಧಿಕಾರ ಸೊನ್ನೆ. 1907ರಲ್ಲಿ ಆತ ಕಂಪೆನಿ ಬಿಟ್ಟ. ಆತನ ಸ್ಥಾನಕ್ಕೆ ಬಂದವನು ಪಾಲ್ ಡೈಮ್ಲರ್, ಗೆಳೆಯನ ಮಗ. ಅರುವತ್ತೊಂದರ ವಯಸ್ಸಿನಲ್ಲಿ, ತನ್ನ ಹೆಸರಿಲ್ಲದ ಕಾರುಗಳು ಲೋಕವೆಲ್ಲ ಓಡಾಡುತ್ತಿರುವಾಗ, ಮೈಬಾಕ್ ಮನೆಯಲ್ಲಿ ಕುಳಿತ.

ಮತ್ತೆ ಬಾಗಿಲು ತೆರೆದದ್ದು ಒಂದು ಅವಘಡದಿಂದ, ಅದೂ ಕಾವಿನಿಂದಲೇ. 1908ರ ಆಗಸ್ಟ್ 5ರಂದು ಕೌಂಟ್ ಜೆಪ್ಪೆಲಿನನ ದೊಡ್ಡ ವಾಯುನೌಕೆ ಎಂಜಿನಿನ ತೊಂದರೆಯಿಂದ ಸ್ಟಟ್‌ಗಾರ್ಟಿನ ಬಳಿಯ ಎಖ್ಟರ್‌ಡಿಂಗೆನ್ ಬಯಲಿನಲ್ಲಿ ಇಳಿಯಿತು. ಬೇರಿಂಗಿನ ಲೋಹ ಕಾಯ್ದು ಕರಗಿತ್ತು. ದುರಸ್ತಿ ನಡೆಯುತ್ತಿರುವಾಗ ಬಿರುಗಾಳಿ ಎದ್ದು ನೌಕೆಯನ್ನು ಕಿತ್ತೊಗೆಯಿತು; ಅದು ಹೊತ್ತಿ ಉರಿದು ಬೂದಿಯಾಯಿತು. ಜನರು ಚಂದಾ ಎತ್ತಿ ಜೆಪ್ಪೆಲಿನನಿಗೆ ಲಕ್ಷಗಟ್ಟಲೆ ಮಾರ್ಕು ಕೊಟ್ಟರು. ಮೈಬಾಕ್ ಕೊಟ್ಟದ್ದು ಒಂದು ಕಾಗದ. ವಾಯುನೌಕೆಗೆ ತಕ್ಕ ಎಂಜಿನು ಬೇಕಿದೆ, ನನ್ನ ಮಗ ಕಾರ್ಲ್ ಅದನ್ನು ರಚಿಸಬಲ್ಲ ಎಂಬುದು ಅದರ ಸಾರಾಂಶ. ಹೀಗೆ 1909ರಲ್ಲಿ ಬಿಸ್ಸಿಂಗೆನ್ ಎಂಬಲ್ಲಿ ಎಂಜಿನಿನ ಹೊಸ ಕಾರ್ಖಾನೆ ಶುರುವಾಯಿತು. 1912ರಲ್ಲಿ ಅದು ಸರೋವರದ ದಡದ ಫ್ರೀಡ್ರಿಕ್ಸ್‌ಹಾಫೆನ್ನಿಗೆ ಹೋಯಿತು. ಮಗ ನಡೆಸಿದ, ತಂದೆ ಸಲಹೆ ಕೊಟ್ಟ.

ಒಂದನೆಯ ಮಹಾಯುದ್ಧದಲ್ಲಿ ಈ ಎಂಜಿನುಗಳು ಯುದ್ಧದ ವಾಯುನೌಕೆಗಳಿಗೂ ಹೋದವು, ಅವು ಊರುಗಳ ಮೇಲೆ ಬಾಂಬು ಹಾಕಿದವು ಎಂಬುದನ್ನೂ ಮರೆಮಾಚಬೇಕಾಗಿಲ್ಲ. ಯುದ್ಧದ ಅನಂತರ ಜರ್ಮನಿಗೆ ವಿಮಾನದ ಎಂಜಿನು ಮಾಡುವುದು ನಿಷಿದ್ಧವಾದಾಗ ಕಾರ್ಲ್ 1921ರಲ್ಲಿ ಮೈಬಾಕ್ ಹೆಸರಿನ ಕಾರು ಹೊರತಂದ. ಅಷ್ಟು ಹೊತ್ತಿಗೆ ತಂದೆಗೆ ಎಪ್ಪತ್ತೈದು. ಎಂಜಿನು, ಕಾರ್ಬುರೇಟರು, ಗೇರು, ರೇಡಿಯೇಟರು ಎಲ್ಲವನ್ನೂ ಕೊಟ್ಟವನ ಹೆಸರು ಕಾರೊಂದರ ಮೇಲೆ ಬಂದದ್ದು ಆಗ. ಶಾಲೆಯ ಮೆಟ್ಟಿಲನ್ನು ಸಂಜೆ ಮಾತ್ರ ಹತ್ತಿದ್ದ ಈ ಮನುಷ್ಯನಿಗೆ ಸ್ಟಟ್‌ಗಾರ್ಟಿನ ತಾಂತ್ರಿಕ ವಿದ್ಯಾಪೀಠ 1916ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತ್ತು.

1929ರ ಆಗಸ್ಟಿನಲ್ಲಿ ‘ಗ್ರಾಫ್ ಜೆಪ್ಪೆಲಿನ್’ ಎಂಬ ವಾಯುನೌಕೆ ಮೂರು ವಾರಗಳಲ್ಲಿ ಭೂಮಿಯನ್ನು ಒಂದು ಸುತ್ತು ಹಾಕಿ ಬಂತು. ಅದನ್ನು ನೂಕಿದ ಐದು ಎಂಜಿನುಗಳೂ ಮೈಬಾಕ್ ಕಾರ್ಖಾನೆಯವು. ಅದೇ ವರ್ಷದ ಡಿಸೆಂಬರ್ 29ರಂದು, ಎಂಬತ್ತಮೂರನೆಯ ವಯಸ್ಸಿನಲ್ಲಿ ವಿಲ್‌ಹೆಲ್ಮ್ ಮೈಬಾಕ್ ಸ್ಟಟ್‌ಗಾರ್ಟಿನಲ್ಲಿ ತೀರಿಕೊಂಡ. ಕಾನ್‌ಸ್ಟಾಟಿನಲ್ಲಿ, ಡೈಮ್ಲರ್ ಮಲಗಿರುವ ಅದೇ ಸ್ಮಶಾನದಲ್ಲಿ ಆತನನ್ನೂ ಮಣ್ಣು ಮಾಡಿದರು.